ಕೌದಿ ಹೊಲಿಯುವವರಿಗೆ ಜಾಗ ಕೊಡಿ



ಅಮೆರಿಕದಲ್ಲಿ 1995ರಲ್ಲಿ ಶುರುವಾದ ‘ಪ್ರಾಜೆಕ್ಟ್ ಲೈನಸ್’ನ ಸ್ವಯಂಸೇವಕರು ಹೊದಿಕೆಗಳನ್ನು ಹೊಲಿದು, ಕಾಯಿಲೆಯಿಂದಲೋ ಆಘಾತದಿಂದಲೋ ನೊಂದ ಮಕ್ಕಳಿಗೆ ಉಚಿತವಾಗಿ ಕೊಡುತ್ತಾರೆ. ಕೀಮೋಥೆರಪಿಯ ದಿನಗಳಲ್ಲಿ ತನ್ನ ಹೊದಿಕೆಯಿಂದಲೇ ಧೈರ್ಯ ಪಡೆದ ಪುಟ್ಟ ಹುಡುಗಿಯೊಬ್ಬಳ ಸುದ್ದಿ ಈ ಕೆಲಸಕ್ಕೆ ಪ್ರೇರಣೆಯಾಯಿತು.

ಇದಕ್ಕೆ ಬೇಕಾದ ಕಸುಬು ಕರ್ನಾಟಕದಲ್ಲಿ ತಲೆಮಾರುಗಳಿಂದ ಇದೆ. ಹಳೆಯ ಹತ್ತಿ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿ ಉತ್ತರ ಕರ್ನಾಟಕದ ಮನೆಗಳಿಗೆ ಹೊಸದಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಮಹಿಳೆಯರು ಅಂಚಿನಿಂದ ನಡುವಿನತ್ತ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆ ಮಡಿಚಿ ಮಾಡಿದ ‘ಫೂಲ’ ಕೂರಿಸದ ಹೊರತು ಅವರ ಕೌದಿ ಪೂರ್ಣವಾಗದು. ಎಂಥ ಚೆಂದದ ಕೆಲಸವದು!

ಕೌದಿ ಬಲ್ಲ ಹಿರಿಯ ಮಹಿಳೆಯರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ, ಕಪಾಟುಗಳಲ್ಲಿ ಉಡದ ಸೀರೆಗಳೂ ಇವೆ. ಆದರೆ ಒಟ್ಟಿಗೆ ಕೂರಲು ಜಾಗವಿಲ್ಲ. ಹೊಲಿದದ್ದನ್ನು ಯಾರಿಗೆ ತಲುಪಿಸಬೇಕೆಂದು ಹೇಳುವವರಿಲ್ಲ.

ಗ್ರಾಮ ಪಂಚಾಯಿತಿಗಳು ವಾರಕ್ಕೊಂದು ಮಧ್ಯಾಹ್ನ ಸಮುದಾಯ ಭವನದ ಬಾಗಿಲು ತೆರೆದರೆ ಸ್ವಸಹಾಯ ಸಂಘಗಳು ಉಳಿದದ್ದನ್ನು ನಿಭಾಯಿಸಬಲ್ಲವು. ದಾನವಾಗಿ ಬಂದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು, ಬಿಸಿಲಿಗೆ ಹಾಕಿದ ಮೇಲೆಯೇ ಹೊಲಿಗೆಗೆ ತೆಗೆದುಕೊಳ್ಳಬೇಕು. ಆಸ್ಪತ್ರೆಯಲ್ಲಿರುವ ಮಕ್ಕಳಿಗೆ ಕೊಡುವಾಗ ವೈದ್ಯರ ಒಪ್ಪಿಗೆ ಕಡ್ಡಾಯವಾಗಲಿ. ಇನ್ನೊಂದು ಮಾತು: ಕೌದಿ ಹೊಲಿದೇ ಹೊಟ್ಟೆ ಹೊರೆಯುವವರನ್ನು ಸೇವೆಯ ಹೆಸರಿನಲ್ಲಿ ಪುಕ್ಕಟೆ ದುಡಿಸಬಾರದು. ಹೊಸಬರಿಗೆ ಕಲಿಸುವ ಹೊಣೆಯನ್ನು ಗೌರವಧನದೊಂದಿಗೆ ಅವರಿಗೇ ಒಪ್ಪಿಸಬೇಕು.

ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಹೊದಿಕೆ ಬೇಕಿರುವ ಬಾಲಮಂದಿರಗಳ ಪಟ್ಟಿಯನ್ನು ಚಳಿಗಾಲಕ್ಕೆ ಮೊದಲೇ ಪ್ರಕಟಿಸಲಿ ಎಂದು ವಿನಂತಿ.

– ಓದುಗರೊಬ್ಬರು, ಧಾರವಾಡ