ಆರ್ ಭಾಷೆಯ ಇಂಟಿಜರ್ ಮತ್ತು ಕಾಣೆಯಾದ 240 ಕೋಟಿ

ಆರ್ ಅನ್ನೋದು ಅಂಕಿಅಂಶದ ಲೆಕ್ಕಕ್ಕೆಂದೇ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ 1990ರ ದಶಕದ ಶುರುವಿನಲ್ಲಿ ಕಟ್ಟಿದ್ದು. 1.0.0 ಆವೃತ್ತಿ ಬಂದಿದ್ದು 2000ದ ಫೆಬ್ರವರಿ 29ರಂದು. ನನಗೆ ಇಷ್ಟವಾದ ಭಾಷೆಯೇ. ಆದರೆ ಅದರ ಇಂಟಿಜರ್ ಬಗ್ಗೆ ನನ್ನದೊಂದು ತಕರಾರಿದೆ.

ಸಿ ಕಲಿತು ಬಂದವರಿಗೆ ಇಲ್ಲಿ ಮೊದಲು ಆಗೋದು ಗಲಿಬಿಲಿ. ಆರ್‌ನಲ್ಲಿ ಸುಮ್ಮನೆ 5 ಅಂತ ಬರೆದರೆ ಅದು ಇಂಟಿಜರ್ ಅಲ್ಲ, ಡಬಲ್! ಇಂಟಿಜರ್ ಬೇಕು ಅಂದ್ರೆ ಪಕ್ಕದಲ್ಲಿ ಎಲ್ ಅಕ್ಷರ ಹಚ್ಚಬೇಕು. ಹೆಚ್ಚಿನವರು ಹಚ್ಚೋದಿಲ್ಲ, ಹಾಗಾಗಿ ಇಂಟಿಜರ್ ಅನ್ನೋದೊಂದು ಇದೆ ಅನ್ನೋದೇ ಮರೆತುಹೋಗಿರುತ್ತೆ. ಆದರೆ ರೀಡ್.ಸಿಎಸ್‌ವಿ ಬಳಸಿ ಫೈಲ್ ಓದಿಸಿ ನೋಡಿ. ಕಾಲಂನಲ್ಲಿ ಬರೀ ಪೂರ್ಣಾಂಕಗಳಿದ್ದು, ಎಲ್ಲವೂ ಮಿತಿಯೊಳಗಿದ್ದರೆ, ಆರ್ ತಾನಾಗೇ ಅದನ್ನು ಇಂಟಿಜರ್ ಮಾಡುತ್ತೆ. ನಾವು ಕೇಳಿಯೇ ಇರಲ್ಲ.

ಮಿತಿ ಎಷ್ಟು? 32 ಬಿಟ್, ಅಂದ್ರೆ 2147483647. ನಮ್ಮ ಲೆಕ್ಕದಲ್ಲಿ 214 ಕೋಟಿ ಚಿಲ್ಲರೆ. ರೂಪಾಯಿ ಲೆಕ್ಕ ಮಾಡೋ ನಮ್ಮಂಥವರಿಗೆ ಇದೇನು ದೊಡ್ಡ ಸಂಖ್ಯೆಯಲ್ಲ ಬಿಡಿ.

ಒಂದು ಉದಾಹರಣೆ ಹಾಕ್ಕೊಳ್ಳೋಣ. ಮೂರು ಊರು. ಫೈಲಿನಲ್ಲಿ ಒಂದು ಕಾಲಂ ಕುಟುಂಬಗಳ ಸಂಖ್ಯೆ, ಇನ್ನೊಂದು ಕುಟುಂಬಕ್ಕೆ ಸರಾಸರಿ ಖರ್ಚು. ಮೊದಲನೇ ಊರು 50000 ಗುಣಿಸು 10000, 50 ಕೋಟಿ. ಎರಡನೆಯದು 40000 ಗುಣಿಸು 25000, 100 ಕೋಟಿ. ಮೂರನೆಯದು 60000 ಗುಣಿಸು 40000, 240 ಕೋಟಿ... ಆಗಬೇಕಿತ್ತು. ಆರ್ ಕೊಡೋದು ಎನ್‌ಎ, ಜೊತೆಗೊಂದು ವಾರ್ನಿಂಗ್.

ಇದೇ ಗುಣಾಕಾರವನ್ನು ಜಾವಾದ ಇಂಟ್‌ನಲ್ಲಿ ಮಾಡಿದರೆ ಮೈನಸ್ 189 ಕೋಟಿ ಚಿಲ್ಲರೆ ಬರುತ್ತೆ. ಸುಳ್ಳು ಸಂಖ್ಯೆಗಿಂತ ಎನ್‌ಎ ಪ್ರಾಮಾಣಿಕ ಅಂತ ಆರ್ ಅಭಿಮಾನಿಗಳು ವಾದಿಸಬಹುದು. ನಾನು ಒಪ್ಪೋದು ಅರ್ಧ ಮಾತ್ರ. ಯಾಕಂದ್ರೆ ಎನ್‌ಎ ಅಂದ್ರೆ ‘ಮಾಹಿತಿ ಸಿಕ್ಕಿಲ್ಲ’ ಅಂತಲೂ ಅರ್ಥ. ಸಮೀಕ್ಷೆಗೆ ಹೋದಾಗ ಉತ್ತರ ಕೊಡದವನೂ ಎನ್‌ಎ, ಮಿತಿ ಮೀರಿದ 240 ಕೋಟಿಯೂ ಎನ್‌ಎ. ಇಬ್ಬರಿಗೂ ಒಂದೇ ಅಂಗಿ! ಸರಾಸರಿ ತೆಗೆಯುವಾಗ ಬಹಳಷ್ಟು ಜನ ಅಭ್ಯಾಸಬಲದಿಂದ ಎನ್‌ಎಗಳನ್ನು ಕೈಬಿಡು ಅಂತ ಹೇಳಿಬಿಡುತ್ತಾರೆ. ಆಗ ಉತ್ತರ 75 ಕೋಟಿ. ನಿಜವಾದ ಸರಾಸರಿ 130 ಕೋಟಿ.

ಮೈನಸ್ ಖರ್ಚು ಕಂಡರೆ ಯಾರಾದರೂ ನಕ್ಕು ತಿದ್ದುತ್ತಾರೆ. 75 ಕೋಟಿ ಕಂಡರೆ ಯಾರಿಗೂ ಅನುಮಾನ ಬರಲ್ಲ. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ಕಾಣೆಯಾಗೋದು ಯಾವಾಗಲೂ ದೊಡ್ಡ ಸಂಖ್ಯೆಗಳೇ. ಅಂದ್ರೆ ತಪ್ಪು ಪ್ರತಿ ಸಲ ಒಂದೇ ಕಡೆಗೆ ವಾಲುತ್ತೆ. ಆ ಸರಾಸರಿ ನೋಡಿ ಯಾರಾದರೂ ದುಡ್ಡು ಹಂಚಿದರೆ, ಕಡಿಮೆ ಬೀಳೋದು ಜನಕ್ಕೆ.

ವಾರ್ನಿಂಗ್ ಇತ್ತಲ್ಲ ಅಂತೀರಾ? ರಾತ್ರಿ ತಾನಾಗೇ ಓಡೋ ಪ್ರೋಗ್ರಾಮಿನ ವಾರ್ನಿಂಗ್ ಯಾವುದೋ ಲಾಗ್ ಫೈಲಿನಲ್ಲಿ ಮಲಗಿರುತ್ತೆ. ಓದೋರು ಯಾರು?

ನನ್ನ ಪ್ರಕಾರ ಇಲ್ಲಿ ಆರ್ ಎರರ್ ಕೊಟ್ಟು ನಿಂತುಬಿಡಬೇಕು. ಇಲ್ಲಾಂದ್ರೆ ಉತ್ತರವನ್ನು ಡಬಲ್ ಆಗಿ ಕೊಡಬೇಕು. ಇಂಟಿಜರನ್ನು ಇಂಟಿಜರ್‌ನಿಂದ ಭಾಗಿಸಿದರೆ ಆರ್ ಈಗಲೂ ಡಬಲ್ ಕೊಡುತ್ತಲ್ಲ, ಗುಣಾಕಾರಕ್ಕೆ ಯಾಕೆ ಈ ಮಲತಾಯಿ ಧೋರಣೆ? ಹಳೇ ಪ್ರೋಗ್ರಾಮುಗಳು ಮುರಿಯುತ್ತವೆ ಅನ್ನೋದು ನಿಜವಾದ ತೊಂದರೆ, ಗೊತ್ತು. ಆದರೂ ಮುರಿದದ್ದು ಕಣ್ಣಿಗೆ ಕಾಣುತ್ತೆ, ಮಾಯವಾದದ್ದು ಕಾಣಲ್ಲ.

ಅಲ್ಲಿಯವರೆಗೆ ನಮ್ಮ ಎಚ್ಚರ ನಮಗೆ. ದುಡ್ಡಿನ ಕಾಲಂಗಳನ್ನು ಗುಣಿಸೋ ಮೊದಲು ಆಸ್.ನ್ಯೂಮರಿಕ್ ಹಾಕಿ ಡಬಲ್ ಮಾಡಿಕೊಳ್ಳಿ. ಆಪ್ಷನ್ಸ್‌ನಲ್ಲಿ ವಾರ್ನ್ ಬೆಲೆಯನ್ನು 2 ಮಾಡಿದರೆ ಪ್ರತಿ ವಾರ್ನಿಂಗೂ ಎರರ್ ಆಗುತ್ತೆ. ಕಿರಿಕಿರಿಯೇ, ಆದರೆ ನಿದ್ದೆ ಚೆನ್ನಾಗಿ ಬರುತ್ತೆ :-)

ನೀವು ಏನಂತೀರಿ?