ದೋಷ ಕಲ್ಲಿನದು, ಕೈಯದಲ್ಲ

ರಚಿಸಿದವನ ಪೆಟ್ಟಿಗೆಯಲ್ಲಿರುವವರೆಗೆ ಬರಹವಾಗಲಿ ಚಿತ್ರವಾಗಲಿ ಅವನ ಆಸ್ತಿ ಮಾತ್ರ. ನಾಲ್ವರ ಕಣ್ಣಿಗೆ ಬಿದ್ದ ಮೇಲೆಯೇ ಅದು ಕೃತಿ. ಕವಿಗೆ ಸಲ್ಲುವ ಈ ಮಾತು ವಿನ್ಯಾಸಕಾರನಿಗೂ ಸಲ್ಲುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತರುಣ ತರುಣಿಯರಲ್ಲಿ ಪುಸ್ತಕದ ಮುಖಪುಟವನ್ನೋ ನಾಟಕದ ಭಿತ್ತಿಪತ್ರವನ್ನೋ ಮದುವೆಯ ಕರೆಯೋಲೆಯನ್ನೋ ಗಣಕಯಂತ್ರದಲ್ಲಿ, ಹಲವು ವೇಳೆ ಕೈಯಲ್ಲಿನ ಮೊಬೈಲಿನಲ್ಲಿಯೇ, ಅಂದವಾಗಿ ರೂಪಿಸಬಲ್ಲವರು ಇಂದು ಅನೇಕರಿದ್ದಾರೆ. ಕನ್ನಡ ಅಧ್ಯಾಪಕನಾದ ನನಗೆ ಅವರ ಕೆಲಸವನ್ನು ನೋಡುವ ಅವಕಾಶ ಆಗಾಗ ದೊರೆಯುತ್ತದೆ. ಕೈಚಳಕಕ್ಕೆ ಕೊರತೆಯಿಲ್ಲ, ಅದನ್ನು ಅಪರಿಚಿತರ ಮುಂದಿಡುವ ಧೈರ್ಯಕ್ಕೆ ಕೊರತೆ. ಗೆಳೆಯರಿಗೆ ತೋರಿಸುತ್ತಾರೆ, ಗೆಳೆಯರು ಹೆಬ್ಬೆರಳೆತ್ತುತ್ತಾರೆ, ಕಲಿಕೆ ಅಲ್ಲಿಗೆ ನಿಲ್ಲುತ್ತದೆ.

ಈ ಸಂಕೋಚ ನಮ್ಮ ನೆಲದ ಗುಣವಲ್ಲ. ಬೇಲೂರಿನ ಚೆನ್ನಕೇಶವ ಗುಡಿಯ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕೆತ್ತಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜ, ಮಲ್ಲಿತಮ್ಮರ ಹೆಸರುಗಳಿವೆ. ಶಿಲ್ಪಿಯನ್ನು ಅಂದಿನವರು ರೂವಾರಿ ಎಂದು ಕರೆದರು. ಎದುರಾಳಿ ರೂವಾರಿಗಳ ಗರ್ವ ಮುರಿದವನೆಂದು ಸಾರುವ ಬಿರುದುಗಳೂ ಕೆಲವು ಸಹಿಗಳಲ್ಲಿವೆ. ಇದನ್ನು ಬರಿಯ ಜಂಬವೆಂದು ತಳ್ಳಬಾರದು. ಹೆಸರು ಕೆತ್ತಿದವನು ಹೊಗಳಿಕೆಯಂತೆ ತೆಗಳಿಕೆಗೂ ತಾನೇ ಹೊಣೆಯೆಂದು ಒಪ್ಪಿಕೊಂಡಂತಾಯಿತು. ಅಕ್ಕಪಕ್ಕದಲ್ಲಿ ಉಳಿ ಹಿಡಿದ ಸಮಾನರ ಕಣ್ಣೇ ಅವನಿಗೆ ಒರೆಗಲ್ಲು.

ಸಾಹಿತ್ಯದಲ್ಲಿಯೂ ಹೀಗೆಯೇ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವಾದ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರು ‘ದೋಷಾದೋಷಾನುವರ್ಣನ ನಿರ್ಣಯ’. ಅಲಂಕಾರಗಳ ವಿಚಾರ ಬರುವುದು ಆಮೇಲೆ. ದೋಷವನ್ನು ಗುರುತಿಸಲು ಕಲಿತವನೇ ಗುಣವನ್ನು ಸಾಧಿಸಿಯಾನೆಂಬ ವಿವೇಕ ಆ ಕ್ರಮದಲ್ಲಿದೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದವರಾರು? ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ತರುಣನೊಬ್ಬ ಹೇಳಿದ. ಮೈಗೆಲ್ಲ ಗಂಧ ಬಳಿದಾಗ ನಾಭಿಯ ಬಳಿ ಮಾತ್ರ ಅದು ಒಣಗಲಿಲ್ಲ. ಅಲ್ಲಿ ಒಡೆದರೆ ಒಳಗೆ ಕಪ್ಪೆ! ಪಣ ತೊಟ್ಟಿದ್ದ ಹಿರಿಯ ತನ್ನ ಬಲಗೈಯನ್ನು ಕತ್ತರಿಸಿಕೊಂಡ. ಆ ತರುಣ ಅವನ ಮಗನೇ ಡಂಕಣನೆಂದು ಆಮೇಲೆ ತಿಳಿಯಿತಂತೆ. ಇದು ಐತಿಹ್ಯ, ಇತಿಹಾಸವಲ್ಲ. ಆದರೂ ಇದರಿಂದ ಕಲಿಯಬೇಕಾದ ಪಾಠ ಎರಡಿದೆ. ತರುಣನ ವಿಮರ್ಶೆ ಮಾದರಿಯದು: ದೋಷ ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿ, ಪ್ರಮಾಣವನ್ನೂ ಕೊಟ್ಟ. ಹಿರಿಯನ ಪ್ರತಿಕ್ರಿಯೆ ಮಾದರಿಯದಲ್ಲ. ದೋಷವಿದ್ದದ್ದು ಕಲ್ಲಿನಲ್ಲಿ, ಕೈಯಲ್ಲಲ್ಲ. ಮೊದಲ ಟೀಕೆಗೇ ಕೆಲಸ ಬಿಟ್ಟುಬಿಡುವ ನಮ್ಮ ಹುಡುಗರು ಇಂದಿಗೂ ಆ ಕೈಯನ್ನೇ ಕತ್ತರಿಸಿಕೊಳ್ಳುತ್ತಿದ್ದಾರೆ.

ಒಂದು ನಿದರ್ಶನ ಹೇಳುತ್ತೇನೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳನ್ನು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೆಲವು ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಮಾಡದಿದ್ದರೆ ಒತ್ತಕ್ಷರವೇ ಒಡೆದು ಬೇರೆಯಾಗುತ್ತದೆ. ರಚಿಸಿದವನ ಕಣ್ಣು ಬಣ್ಣದಲ್ಲಿ ನೆಟ್ಟಿರುವಾಗ ಇದು ಕಾಣುವುದಿಲ್ಲ. ಹೊಸದಾಗಿ ಓದುವವನಿಗೆ ತಟಕ್ಕನೆ ಕಾಣುತ್ತದೆ. ಸಾವಿರ ಪ್ರತಿ ಅಚ್ಚಾದ ಮೇಲೆ ಕಂಡರೆ ಫಲವೇನು?

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂತಹ ಸಂಸ್ಥೆಯಲ್ಲಿ ಕಲಿಯುವವನಿಗೆ ತಿದ್ದುವ ಗುರುಗಳೂ ಸ್ಪರ್ಧಿಸುವ ಸಹಪಾಠಿಗಳೂ ಇದ್ದಾರೆ. ಅರಕಲಗೂಡಿನ ಹುಡುಗಿಗೆ ಯಾರಿದ್ದಾರೆ? ಅಂತರಜಾಲವು ಆ ದೂರವನ್ನು ಅಳಿಸಿದೆ. ಮನೆಯಲ್ಲಿಯೇ ಕುಳಿತು ಬಲ್ಲವರ ಮುಂದೆ ಕೃತಿಯನ್ನಿಡಬಹುದು. ಈ ಅನುಕೂಲವನ್ನು ಬಿಡುವುದು ನಷ್ಟ.

ಕದಿಯುವವರಿದ್ದಾರೆಂದು ಕೆಲವರು ಅಂಜುತ್ತಾರೆ. ಅಂಜಿಕೆ ನಿರಾಧಾರವಲ್ಲ. ಆದರೆ ಹೆಸರು, ದಿನಾಂಕಗಳೊಡನೆ ಬಹಿರಂಗವಾಗಿ ಇಟ್ಟ ಕೃತಿಗೆ ಲೋಕವೇ ಸಾಕ್ಷಿ. ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ಸಾಕ್ಷಿಯೂ ಇಲ್ಲ. ನಿಂದಿಸುವವರಿದ್ದಾರೆಂಬ ಮಾತೂ ನಿಜ. ನಿಂದೆಗೂ ವಿಮರ್ಶೆಗೂ ಇರುವ ಅಂತರ ಮಾತ್ರ ಸ್ಪಷ್ಟವಾದುದು: ವಿಮರ್ಶೆ ಕೃತಿಯನ್ನು ಕುರಿತು ಮಾತನಾಡುತ್ತದೆ, ನಿಂದೆ ಕರ್ತೃವನ್ನು ಕುರಿತು. ಮೊದಲನೆಯದನ್ನು ಬರೆದಿಟ್ಟುಕೊಳ್ಳಬೇಕು, ಎರಡನೆಯದಕ್ಕೆ ಉತ್ತರವನ್ನೂ ಕೊಡಬೇಕಾಗಿಲ್ಲ. ಹೆಣ್ಣುಮಕ್ಕಳು ಈ ನಿಂದೆಯನ್ನು ಹೆಚ್ಚಾಗಿ ಸಹಿಸಬೇಕಾಗಿ ಬಂದಿರುವುದರಿಂದ, ಅಂತಹ ಕಡೆ ಎರಡು ಮಾತಾಡುವ ಹೊಣೆ ಬಲ್ಲವರಾದ ನಮ್ಮದು.

ಹೊಣೆ ಕಿರಿಯರದಷ್ಟೇ ಅಲ್ಲ. ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬೆರಡು ಮಾತುಗಳಲ್ಲಿ ಕೈತೊಳೆದುಕೊಳ್ಳುವ ಅಧ್ಯಾಪಕರು ವಿಮರ್ಶಕರಲ್ಲ. ಎಲ್ಲಿ, ಏಕೆ, ಹೇಗೆ ತಿದ್ದಬಹುದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಾರದವನು ಸುಮ್ಮನಿರುವುದು ಲೇಸು. ನಮ್ಮ ಕಾಲೇಜುಗಳಲ್ಲಿ ತಿಂಗಳಿಗೊಂದು ಸಂಜೆ ವಿದ್ಯಾರ್ಥಿಗಳ ವಿನ್ಯಾಸಗಳನ್ನು ಗೋಡೆಗೆ ತೂಗಿಸಿ, ಕನ್ನಡ ಬಲ್ಲವರೂ ಚಿತ್ರ ಬಲ್ಲವರೂ ಅಚ್ಚುಕೂಟದವರೂ ಕಲೆತು ಮಾತನಾಡುವುದು ದುಸ್ಸಾಧ್ಯವೇನಲ್ಲ. ಅಲ್ಲಿ ಟೀಕೆಯನ್ನು ಕೇಳಿ ಪಳಗಿದವನು ಹೊರಗಿನ ಲೋಕಕ್ಕೆ ಅಂಜಲಾರ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಆ ರೂವಾರಿಗಳ ನಾಡಿನವರೆಂಬ ಹೆಮ್ಮೆ ನಮ್ಮ ತರುಣರಿಗೆ ಸಲ್ಲಬೇಕಾದರೆ, ಅವರಂತೆ ಹೆಸರು ಹಾಕಿ ಕೆಲಸವನ್ನು ಬಯಲಿಗಿಡಲಿ. ದೋಷ ಕಂಡಾಗ ಕಲ್ಲನ್ನು ಬದಲಿಸಲಿ, ಕೈಯನ್ನು ಉಳಿಸಿಕೊಳ್ಳಲಿ.