ಸ್ಮರಣೆಯ ಪುಟ: ಟೇಪಿನ ಕಾಕಾ



ಈ ಸಂಚಿಕೆಯ ಸ್ಮರಣೆಯ ಪುಟವನ್ನು ವೇದಿಕೆಯ ಮೇಲೆ ಎಂದೂ ಕೂಡದ ಹಿರಿಯರೊಬ್ಬರಿಗೆ ಮೀಸಲಿಟ್ಟಿದ್ದೇವೆ. ಮುಂಬಯಿಯ ಕನ್ನಡ ಚರ್ಚೊಂದರ ಹಳೆಯ ಧ್ವನಿಮುದ್ರಣಗಳನ್ನು ಕಾಪಾಡಿದ ಈ ಪುಣ್ಯಾತ್ಮರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ತಮ್ಮ ಹೆಸರು ಅಚ್ಚಾಗುವುದು ಅವರಿಗೆ ಒಗ್ಗದ ಮಾತು. ಅದನ್ನು ನಾವು ಈಗಲೂ ಮೀರುವುದಿಲ್ಲ. ಸಭೆಯ ಮಕ್ಕಳಿಗೆ ಅವರು ‘ಟೇಪಿನ ಕಾಕಾ’. ಅಷ್ಟು ಸಾಕು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದ ಮೇಲೆ ಧ್ವನಿಮುದ್ರಣವು ಬರಬರುತ್ತ ಸಾಮಾನ್ಯರ ಕೈಗೂ ಎಟುಕಿತು. ಕ್ರಿಸ್ಮಸ್ ಗೀತೆಗಳು, ಸಭಾಪಾಲಕರ ಪ್ರಸಂಗಗಳು, ಮದುವೆಯ ಆಶೀರ್ವಚನಗಳು, ಇವನ್ನೆಲ್ಲ ಯಾರು ಯಾರೋ ಹಿಡಿದಿಟ್ಟರು, ಚರ್ಚಿನ ಕಪಾಟಿನಲ್ಲಿ ತುಂಬಿದರು, ಮರೆತರು. ಟೇಪೆಂದರೆ ಪ್ಲಾಸ್ಟಿಕ್ ಪಟ್ಟಿಗೆ ಅಂಟಿನಿಂದ ಹಿಡಿಸಿದ ಲೋಹದ ಆಕ್ಸೈಡಿನ ನಯವಾದ ಪುಡಿ. ಮುಂಬಯಿಯ ತೇವಕ್ಕೆ ಅದು ಬೂಷ್ಟು ಹಿಡಿಯುತ್ತದೆ. ಅಂಟು ಕೆಟ್ಟರೆ ಪುಡಿ ಉದುರುತ್ತದೆ. ಪುಡಿಯೊಡನೆ ದನಿಯೂ ಹೋಗುತ್ತದೆ.

ರೈಲ್ವೆ ನೌಕರಿಯಿಂದ ನಿವೃತ್ತರಾದ ಕಾಕಾ ಈ ಕಪಾಟಿನ ಮುಂದೆ ಕೂತರು. 60 ನಿಮಿಷದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು 60 ನಿಮಿಷ ಬೇಕೇ ಬೇಕು. ಅಲ್ಲಿ ಅವಸರ ನಡೆಯದು. ಒಂದೊಂದು ಕ್ಯಾಸೆಟ್ ಮುಗಿದಾಗಲೂ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಯಂತ್ರದ ಹೆಡ್ಡನ್ನು ಒರೆಸುವರು. ಇಳಿಸಿದ್ದನ್ನು ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿಡುವರು. ಸಂಬಳವಿಲ್ಲ, ಬಸ್ಸಿನ ಖರ್ಚೂ ಕೈಯಿಂದಲೇ.

ಆದರೆ ಕಾಕಾ ಮಾಡಿದ ದೊಡ್ಡ ಕೆಲಸ ಯಂತ್ರದ್ದಲ್ಲ, ನೋಟುಬುಕ್ಕಿನದು. ಪ್ರತಿ ಕ್ಯಾಸೆಟ್ಟಿನಲ್ಲೂ ಹಾಡಿದವರು ಯಾರು, ಓದಿದವರು ಯಾರು, ಯಾವ ಊರಿನವರು ಎಂದು ಮುದುಕರನ್ನು ಕೂಡಿಸಿಕೊಂಡು ಕೇಳಿ ಬರೆದಿಡುತ್ತಿದ್ದರು. ಏಕಿಷ್ಟು ತೊಂದರೆ ಎಂದು ನಾವೊಮ್ಮೆ ಕೇಳಿದಾಗ ಅವರಾಡಿದ ಮಾತಿದು: “ದನಿ ಉಳಿದ್ರ ಸಾಲದ್ರಿ, ಯಾರ ದನಿ ಅನ್ನೂದು ಗೊತ್ತಿರಬೇಕು. ಇಲ್ಲಂದ್ರ ಅದು ಬರೇ ಸಪ್ಪಳ.”

ಬೈಬಲಿನಲ್ಲಿ ಮನೆ ಬಿಟ್ಟು ದೂರದೇಶಕ್ಕೆ ಹೋದ ಮಗನ ಕಥೆಯುಂಟು. 1903ರಿಂದ 1928ರವರೆಗೆ ಪ್ರಕಟವಾದ ಭಾರತದ ಭಾಷಾ ಸಮೀಕ್ಷೆಯಲ್ಲಿ ಗ್ರಿಯರ್‌ಸನ್ ಸಾಹೇಬರು ಭಾಷೆ ಭಾಷೆಯ ಮಾದರಿಗಾಗಿ ಇದೇ ಕಥೆಯನ್ನು ಸಂಗ್ರಹಿಸಿದರು. ಕಾಕಾ ಅವರ ಕ್ಯಾಸೆಟ್ಟುಗಳಲ್ಲೂ ಅದೇ ಕಥೆಯನ್ನು ಧಾರವಾಡದವರು, ಮಂಗಳೂರಿನವರು, ಬೀದರಿನವರು ಬೇರೆ ಬೇರೆ ವರುಷ ಓದಿದ್ದಾರೆ. ಪುಸ್ತಕದ ಕನ್ನಡ ಒಂದೇ. ನಾಲಗೆಯ ಕನ್ನಡ ಮೂರು. ಊರು ಬಿಟ್ಟು ಬಂದ ನಮ್ಮವರು ಯಾವ ದನಿಯಲ್ಲಿ ಮಾತಾಡಿದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಎಲ್ಲಿದೆ? ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ನಾಲಗೆಯಲ್ಲಿ ಆ ಮೂರರಲ್ಲಿ ಒಂದಾದರೂ ಉಳಿದೀತೇ?

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ತಂದೆಯವರು ಹಾಡಿದ ಒಂದೇ ಒಂದು ಕ್ಯಾಸೆಟ್ ನಮ್ಮ ಮನೆಯಲ್ಲಿತ್ತು. ಅದರ ಮೇಲೆ ನಾವೇ ಸಿನಿಮಾ ಹಾಡು ತುಂಬಿದೆವು. ಅದನ್ನು ಹಿಡಿದು ಕಾಕಾ ಬಳಿ ಓಡಿದೆವು. ಅವರು ಎರಡೂ ಬದಿಯನ್ನು ಪೂರ್ತಿ ಕೇಳಿ, ನಮ್ಮ ಕೈಹಿಡಿದು, ಏನೂ ಆಡದೆ ಚಹ ತರಿಸಿದರು.

ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಯಾವ ಧರ್ಮದ ಮನೆಯೇ ಆಗಲಿ, ಹಳೆಯ ಕ್ಯಾಸೆಟ್ಟಿದ್ದರೆ ಇಂದೇ ಹುಡುಕಿ ತೆಗೆಯಿರಿ. ಅದರ ಬೆನ್ನ ಮೇಲಿನ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆ ಮೇಲೆ ಅದರ ಮೇಲೆ ಬೇರೇನೂ ಅಚ್ಚಾಗದು. ಬೂಷ್ಟು ಹಿಡಿದಿದ್ದರೆ ಯಂತ್ರಕ್ಕೆ ಹಾಕದೆ ತಿಳಿದವರಿಗೆ ತೋರಿಸಿರಿ. ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಕೂಡಿಸಿ ಅದು ಯಾರ ದನಿಯೆಂದು ಬರೆದಿಡಿ.

ಕಾಕೂ ಅವರು ಆ ನೋಟುಬುಕ್ಕನ್ನು ನಮಗೆ ತೋರಿಸಿದರು. ಅದರಲ್ಲಿ ಕಾಕಾ ಬರೆದ ಕೊನೆಯ ಸಾಲು ಹೀಗಿದೆ: ‘ಹೆಣ್ಣು ದನಿ. ಬೀದರ ಕಡೆಯವರು. ಹೆಸರು?’ ಆ ತಾಯಿಯನ್ನು ಬಲ್ಲವರು ನಮ್ಮ ವಾಚಕರಲ್ಲೇ ಇರಬಹುದು. ಇದ್ದರೆ ದಯವಿಟ್ಟು ಸಂಘಕ್ಕೆ ಬಂದು ಆ ದನಿಯನ್ನೊಮ್ಮೆ ಕೇಳಿರಿ.